ಕವಲಿನಲ್ಲಿ ಕೂತದ್ದು

ಗ್ಲಾಡಿಸಳ ಎದೆಯ ಎಕ್ಸ್-ರೇ ಮನೆಗೆ ಬಂದ ಸಂಜೆ ಎಲ್ಲರಿಗಿಂತ ಮೊದಲು ಅದನ್ನು ಕಿಟಕಿಗೆ ಹಿಡಿದವಳು ಅವಳ ತಾಯಿ ಎರ್ಮಿನಿಯಾ. ಎಪ್ಪತ್ತೊಂಬತ್ತು ವರ್ಷದ ಆಕೆಗೆ ಪತ್ರಿಕೆಯ ತಲೆಬರಹ ಓದುವುದಕ್ಕೂ ಭೂತಗನ್ನಡಿ ಬೇಕು. ಆದರೆ ಮಗಳ ಪಕ್ಕೆಲುಬುಗಳನ್ನು ಬರಿಗಣ್ಣಲ್ಲೇ ಎಣಿಸಿ ತೀರ್ಪು ಕೊಟ್ಟಳು.

"ಇವಳು ಸರಿಯಾಗಿ ತಿಂತಿಲ್ಲ. ನೋಡಿ, ಮೂಳೆಯೆಲ್ಲ ಕಾಣ್ತಿದೆ."

"ಎಲ್ಲರಿಗೂ ಕಾಣುತ್ತೆ ಅಜ್ಜಿ. ಎಕ್ಸ್-ರೇ ತೆಗೆಯೋದೇ ಅದಕ್ಕೆ," ಎಂದಳು ಮೊಮ್ಮಗಳು ಯಾಸ್ನಾ.

"ನನ್ನದು ತೆಗೆದಾಗ ಇಷ್ಟು ಕಂಡಿರಲಿಲ್ಲ."

ಗ್ಲಾಡಿಸ್ ಚಹಾಕ್ಕೆ ನೀರಿಟ್ಟು ಬಂದು ಕೂತಳು. ಅವಳಿಗೆ ಐವತ್ತೆಂಟು. ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಇನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದಳು. ಫೆಬ್ರವರಿಯಲ್ಲಿ ಶುರುವಾದ ಕೆಮ್ಮು ಏಪ್ರಿಲ್ ಬಂದರೂ ಬಿಟ್ಟಿರಲಿಲ್ಲ. ಬಡಾವಣೆಯ ದವಾಖಾನೆಯ ಡಾಕ್ಟರು ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಮಚ್ಚೆ ತೋರಿಸಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ಬಾಗಿಲ ತನಕ ಬಂದು ಒಂದು ಮಾತು ಹೇಳಿದ್ದರು: "ಮೇಲ್ಭಾಗದಲ್ಲಿದ್ದರೆ ಒಳ್ಳೆಯದು. ಕತ್ತರಿಸಿ ತೆಗೆಯಬಹುದು."

ಆ "ಇದ್ದರೆ" ಎಂಬುದು ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಯಿತು. ಕಡಲತಡಿಯ ಅಂಟೋಫಗಸ್ತಾ ಊರಿನ ಗುಡ್ಡದ ಮೆಟ್ಟಿಲು ಹತ್ತಿ ಮನೆ ಮುಟ್ಟಿದ್ದು "ಮೇಲ್ಭಾಗ, ಕತ್ತರಿಸಬಹುದು" ಎಂಬಷ್ಟೇ.

ಗ್ಲಾಡಿಸಳ ಗಂಡ ನೊಲ್ಬೆರ್ತೊ ಗಾರೆ ಕೆಲಸದವನು. ಎಕ್ಸ್-ರೇಯನ್ನು ಅತ್ತೆಯ ಕೈಯಿಂದ ಬಿಡಿಸಿಕೊಂಡು, ಪರರ ಮನೆಯ ನಕ್ಷೆ ನೋಡುವವನ ಹಾಗೆ ತಲೆಯೋರೆ ಮಾಡಿ ನೋಡಿದ.

"ಬಲಗಡೆ ಮೂರು ಅಂತಸ್ತು, ಎಡಗಡೆ ಎರಡು. ಡಾಕ್ಟ್ರೇ ಹೇಳಿದ್ದು. ಮೇಲಿನ ಅಂತಸ್ತು ಕೆಟ್ಟಿದೆ. ಕೆಡವಿದರೆ ಆಯ್ತು. ಕೆಳಗಿನೆರಡರಲ್ಲಿ ಸಂಸಾರ ನಡೆಯುತ್ತೆ."

"ನೀನು ಕಟ್ಟಿದ ಮೇಲಂತಸ್ತಿನ ಗತಿ ನೋಡಿದ್ದೀವಿ," ಎಂದಳು ಅತ್ತೆ. "ಬಾಗಿಲು ಹಾಕಿದರೆ ಕಿಟಕಿ ತೆರೆದುಕೊಳ್ಳುತ್ತೆ."

"ಅದು ಭೂಕಂಪದ ತಪ್ಪು ಅತ್ತೆ."

"ಭೂಕಂಪ ಪಕ್ಕದ ಮನೆಯವರಿಗೂ ಆಗಿತ್ತು."

ಒನ್ಸೆಗೆ ಕೂತರು. ಆ ಮನೆಯಲ್ಲಿ ಸಂಜೆ ಆರರ ಚಹಾವೇ ರಾತ್ರಿಯೂಟ: ಅಂಗಡಿಯಿಂದ ಬಿಸಿಬಿಸಿ ತಂದ ಬ್ರೆಡ್ಡು, ಉಪ್ಪು ಹಾಕಿ ಹಿಸುಕಿದ ಬೆಣ್ಣೆಹಣ್ಣು, ಇದ್ದ ದಿನ ಒಂದು ತುಂಡು ಚೀಸು. ನೊಲ್ಬೆರ್ತೊ ಎರಡನೆಯ ಲೋಟ ಮುಗಿಸಿ, ಅಭ್ಯಾಸಬಲದಿಂದ ಜೇಬಿಗೆ ಕೈಹಾಕಿ ಹೊರಬಾಗಿಲ ಕಡೆ ಹೊರಟ. ದಿನಕ್ಕೆ ಎರಡು ಪ್ಯಾಕು, ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಗ್ಲಾಡಿಸ್ ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವಳಲ್ಲ.

"ಸೇದೋನು ಇವನು, ಕೆಮ್ಮೋಳು ನನ್ನ ಮಗಳು," ಎಂದಳು ಎರ್ಮಿನಿಯಾ, ಅವನು ಹೊಸ್ತಿಲು ದಾಟುವ ಮೊದಲೇ, ಕೇಳಿಸಲಿ ಎಂದು.

ಸ್ಕ್ಯಾನ್ ಆಗುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಮನೆಗೆ ಅತಿ ಹೆಚ್ಚು ಬಂದವನು ಬೀದಿಯ ಕೆಳತುದಿಯ ದೋನ್ ರುಪೆರ್ತೊ. ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಅವನಿಗೆ ಎರಡು ವರ್ಷದ ಹಿಂದೆ ಇದೇ ರೋಗವಾಗಿ, ಇದೇ ಆಸ್ಪತ್ರೆಯಲ್ಲಿ ಕತ್ತರಿಸಿ, ಈಗ ಮೊದಲಿಗಿಂತ ದಪ್ಪವಾಗಿದ್ದ. ಅವನಿಗೆ ಅಂಗಿ ಎತ್ತಿ ಗಾಯ ತೋರಿಸುವುದು ನಮಸ್ಕಾರ ಹೇಳಿದಷ್ಟೇ ಸಲೀಸು.

"ಆರು ಸೆಂಟಿಮೀಟರು ಗ್ಲಾಡಿಸ್. ನಿಂಬೆಹಣ್ಣಿನಷ್ಟು. ಮೇಲಿನ ಭಾಗದ ಹೊರ ಅಂಚಲ್ಲಿ, ಚರ್ಮದಾಚೆ ಕೈ ಇಟ್ಟರೆ ಸಿಗೋ ಹಾಗೆ. ಕಿತ್ತು ಬಿಸಾಕಿದರು. ಹತ್ತನೇ ದಿನ ಮನೇಲಿ ಬೀನ್ಸ್ ಸಾರು ಉಂಡೆ."

"ಎಂಟನೇ ದಿನ ಅಂತ ಹೋದ ವಾರ ಹೇಳಿದ್ದಿರಿ," ಎಂದಳು ಯಾಸ್ನಾ.

"ಎಂಟನೇ ದಿನ ಸಾರು. ಹತ್ತನೇ ದಿನ ಬೀನ್ಸು."

ಯಾಸ್ನಾ ಗಣಿ ಕಾರ್ಮಿಕರ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸದವಳು. ಮೂವತ್ಮೂರಾದರೂ ಮದುವೆಯ ಮಾತು ಎತ್ತದ ಕಾರಣ ಅಜ್ಜಿಯ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿದ್ದಳು. ಆಸ್ಪತ್ರೆಗೆ ತಾಯಿಯ ಜೊತೆ ಹೋಗುವ ಸರದಿ ಅವಳದೇ. ಅಲ್ಲಿ ಕಾಯುವ ಬೆಂಚಿನ ಮೇಲೆ ಅವಳು ಒಂದು ಹೊಸ ಜಾತಿಪದ್ಧತಿಯನ್ನೇ ಕಂಡಳು. ಬಂದವರು ಹೆಸರು ಕೇಳುವ ಮೊದಲು ಜಾಗ ಕೇಳುತ್ತಿದ್ದರು.

"ನಿಮ್ಮದು ಎಲ್ಲಿ?"

"ಬಲಗಡೆ, ಮೇಲೆ," ಎಂದಳು ಗ್ಲಾಡಿಸ್.

"ಪುಣ್ಯವಂತೆ. ನನ್ನದು ಕೆಳಗಡೆ, ಎಡಕ್ಕೆ," ಎಂದಳು ಪಕ್ಕದಲ್ಲಿದ್ದ ಟೊಕೊಪಿಯಾ ಊರಿನ ಹೆಂಗಸು. "ಕೆಳಗಿನದ್ದು ಮಾತು ಕೇಳಲ್ಲ ಅಂತಾರೆ."

"ಯಾರು ಅಂತಾರೆ?"

"ಮೇಲೆ ಇರೋರು."

ಮೇಲಿನವರು ಕೆಳಗಿನವರ ಜೊತೆ ಮೃದುವಾಗಿ ಮಾತಾಡುತ್ತಿದ್ದರು. ಗ್ಲಾಡಿಸಳೂ ಆ ಹೆಂಗಸಿಗೆ ತನ್ನ ಬ್ರೆಡ್ಡಿನ ಅರ್ಧ ಕೊಟ್ಟಳು. ಕೊಡುವಾಗ ಅವಳ ಮುಖದಲ್ಲಿ ಶಾಲೆಯಲ್ಲಿ ಬಡ ಹುಡುಗಿಗೆ ಎರಡನೆಯ ಸಲ ಬಡಿಸುವಾಗಿನ ಕನಿಕರವಿತ್ತು.

ಸ್ಕ್ಯಾನಿನ ಮೇಲೆ ಇನ್ನೊಂದು ಪರೀಕ್ಷೆ ಆಯಿತು. ಮೂಗಿನಿಂದ ಸಣ್ಣ ಕ್ಯಾಮೆರಾದ ನಳಿಕೆ ಇಳಿಸಿ ಉಸಿರಿನ ದಾರಿಯನ್ನೇ ನೋಡಿದರು. ಫಲಿತಾಂಶ ಹೇಳುವ ದಿನ ತಾಯಿ ಮಗಳ ಜೊತೆ ನೊಲ್ಬೆರ್ತೊನೂ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಶಸ್ತ್ರಚಿಕಿತ್ಸೆಯ ತಾರೀಕು ಗೊತ್ತುಮಾಡಿಕೊಂಡು ಹೋಗುವುದೆಂದೇ ಅವನ ಎಣಿಕೆ.

ಡಾಕ್ಟರ್ ಬ್ರಿಸೇನ್ಯೊ ವೆನೆಜುವೆಲಾದಿಂದ ಬಂದ ಹುಡುಗಿ, ಮೂವತ್ತು ದಾಟಿರಲಾರದು. ಮಾತಿಗೆ ಮೊದಲು ಕಾಗದ ಎಳೆದುಕೊಂಡು ಬುಡಮೇಲು ಮಾಡಿದ ಮರದಂತೆ ಒಂದು ಚಿತ್ರ ಬರೆದಳು: ಮೇಲೆ ಕಾಂಡ, ಕೆಳಗೆ ಎರಡು ಕವಲು, ಕವಲಿಂದ ರೆಂಬೆ.

"ಎಕ್ಸ್-ರೇಯಲ್ಲಿ ಮೇಲೆ ಕಂಡದ್ದು ಗೆಡ್ಡೆಯಲ್ಲ ಸೆನ್ಯೋರ. ಗೆಡ್ಡೆ ಇಲ್ಲಿದೆ." ಕಾಂಡ ಎರಡಾಗುವ ಕಡೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟಳು. "ಬಲಗಡೆಯ ದಾರಿಯ ಬಾಯಲ್ಲಿ ಕೂತು ಕವಲಿನ ಮೇಲಕ್ಕೂ ಹತ್ತಿದೆ. ಬಾಗಿಲು ಮುಚ್ಚಿದ್ದರಿಂದ ಮೇಲಿನ ಕೋಣೆಗೆ ಗಾಳಿ ಹೋಗ್ತಿಲ್ಲ. ಗಾಳಿಯಿಲ್ಲದ ಕೋಣೆ ಬೆಳ್ಳಗೆ ಕಂಡಿತು, ಅಷ್ಟೆ."

"ಎಷ್ಟು ದೊಡ್ಡದು?" ಎಂದ ನೊಲ್ಬೆರ್ತೊ.

"ಎರಡು ಸೆಂಟಿಮೀಟರು."

ಅವನಿಗೆ ನಗು ಬಂತು. "ಬರೀ ಎರಡಾ? ನಮ್ಮ ಬೀದಿಯ ರುಪೆರ್ತೊದು ಆರು. ನಿನ್ನೆ ಗ್ಯಾಸ್ ಸಿಲಿಂಡರು ಹೊತ್ತು ಮೆಟ್ಟಿಲು ಹತ್ತಿದ."

"ಅವರದು ಎಲ್ಲಿತ್ತು?"

"ಮೇಲೆ. ಹೊರ ಅಂಚಲ್ಲಿ."

"ಹಾಗಾದರೆ ಅವರದು ಆರಿದ್ದರೂ ಚಿಕ್ಕದು, ಇವರದು ಎರಡಿದ್ದರೂ ದೊಡ್ಡದು," ಎಂದಳು ಡಾಕ್ಟರು. ಹೇಳಿದ ಮೇಲೆ ಅವಳಿಗೇ ಅದು ಜಾಣತನದ ಮಾತಾಯಿತೆನಿಸಿ ತಲೆ ತಗ್ಗಿಸಿದಳು. "ಅಂಚಿನದನ್ನು ಸುತ್ತ ಒಂದಿಷ್ಟು ಒಳ್ಳೆಯ ಜಾಗ ಸೇರಿಸಿ ಕತ್ತರಿಸಬಹುದು. ಕವಲಲ್ಲಿ ಕತ್ತರಿಸಿದರೆ ಎರಡೂ ಕಡೆಯ ಉಸಿರು ಹೋಗುತ್ತೆ."

"ಬಾಗಿಲ ಚೌಕಟ್ಟು ಬೇರೆ ಹಾಕೋಕೆ ಆಗಲ್ವಾ? ನಾನು ಗಾರೆಯವನು. ಗೋಡೆಗೆ ಮರದ ಆಸರೆ ಕೊಟ್ಟು ಚೌಕಟ್ಟು ತೆಗೀತೀವಿ ನಾವು."

"ಕೆಲವರಿಗೆ ಸಾಂತಿಯಾಗೊದ ದೊಡ್ಡ ಆಸ್ಪತ್ರೇಲಿ ಮಾಡ್ತಾರೆ. ಇದು ಎಷ್ಟು ದೂರ ಹತ್ತಿದೆ ಅಂದರೆ, ಆಸರೆ ಕೊಡೋಕೆ ಗೋಡೆಯೇ ಇಲ್ಲ. ಚಿತ್ರಗಳನ್ನ ಅಲ್ಲಿಗೂ ಕಳಿಸಿದ್ದೆ. ಅವರದೂ ಇದೇ ಉತ್ತರ."

ಗ್ಲಾಡಿಸ್ ಅಷ್ಟು ಹೊತ್ತೂ ಚಿತ್ರವನ್ನೇ ನೋಡುತ್ತಿದ್ದಳು. "ಸೆಪ್ಟೆಂಬರ್ ಹದಿನೆಂಟರ ಹಬ್ಬಕ್ಕೆ ಇರ್ತೀನಾ? ನಮ್ಮನೇಲಿ ಎಂಪನಾದ ಕಡುಬು ಮಾಡೋಳು ನಾನೊಬ್ಬಳೇ."

ಡಾಕ್ಟರು ಉತ್ತರದ ಬದಲು ವಿಕಿರಣ ಚಿಕಿತ್ಸೆಯ ವೇಳಾಪಟ್ಟಿ ವಿವರಿಸಿದಳು. ಅದು ಎಷ್ಟು ವಿವರವಾಗಿತ್ತೆಂದರೆ ಗ್ಲಾಡಿಸಳಿಗೆ ಉತ್ತರ ಸಿಕ್ಕಿಬಿಟ್ಟಿತು.

ಆಮೇಲೆ ಫಾರಂ ತುಂಬುತ್ತ ಹುಟ್ಟಿದ ಊರು, ವರ್ಷ ಕೇಳಿದಳು.

"ಇಲ್ಲೇ. ಅರವತ್ತರಲ್ಲಿ."

ಪೆನ್ನು ನಿಂತಿತು. "ಚಿಕ್ಕವರಿದ್ದಾಗ ನಲ್ಲಿ ನೀರು ಕುಡೀತಿದ್ದಿರಾ?"

"ಇನ್ನೇನು ಸಮುದ್ರದ್ದು ಕುಡೀತಾರಾ?"

ಬೆಟ್ಟದ ಹೊಳೆಯ ನೀರು ಐವತ್ತೆಂಟರಲ್ಲಿ ಊರಿಗೆ ಬಂದದ್ದು, ಅದರಲ್ಲಿ ಪಾಷಾಣ ಇದ್ದದ್ದು, ಎಪ್ಪತ್ತರಲ್ಲಿ ಶೋಧಿಸುವ ಯಂತ್ರ ಹಾಕುವ ತನಕ ಹನ್ನೆರಡು ವರ್ಷ ಊರೆಲ್ಲ ಅದನ್ನೇ ಕುಡಿದದ್ದು ಅಂಟೋಫಗಸ್ತಾದಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಹಳೆಯ ಸುದ್ದಿಗಿರುವ ಗುಣವೆಂದರೆ ಅದು ತಮ್ಮ ಮನೆಯದೆಂದು ಯಾರಿಗೂ ಅನಿಸದಿರುವುದು.

"ಮನೇಲಿ ಯಾರಾದರೂ ಸೇದ್ತಾರಾ?"

ನೊಲ್ಬೆರ್ತೊ ಕೈಯೆತ್ತಿದ, ಶಾಲೆಯ ಹುಡುಗನ ಹಾಗೆ. "ಎರಡು ಪ್ಯಾಕು."

ಡಾಕ್ಟರು ಎರಡನ್ನೂ ಬರೆದುಕೊಂಡಳು.

"ಯಾವುದರಿಂದ ಬಂದದ್ದು?" ಎಂದ ಅವನು.

"ಹೇಳೋಕೆ ಆಗಲ್ಲ. ಈ ಜಾಗ ಎರಡಕ್ಕೂ ಇಷ್ಟ."

ಬಸ್ಸು ಹತ್ತುವ ಮೊದಲು ನೊಲ್ಬೆರ್ತೊ ಜೇಬಿನ ಪ್ಯಾಕನ್ನು ಆಸ್ಪತ್ರೆಯ ಮುಂದಿನ ಕಸದ ಡಬ್ಬಿಗೆ ಹಾಕಿದ. ಗ್ಲಾಡಿಸ್ ನೋಡಿ, "ಈಗಾ?" ಎಂದಳಷ್ಟೆ.

ಮನೆಯಲ್ಲಿ ಎರ್ಮಿನಿಯಾಗೆ ಸುದ್ದಿ ಹೇಳುವುದು ಯಾಸ್ನಾಳ ಪಾಲಿಗೆ ಬಂತು. ಶಸ್ತ್ರಚಿಕಿತ್ಸೆ ಇಲ್ಲ ಎಂದಳು. ಯಾಕಿಲ್ಲ ಎಂದು ಅಜ್ಜಿ. ಜಾಗ ಸರಿಯಿಲ್ಲ ಎಂದು ಮೊಮ್ಮಗಳು. ಹೋದ ವಾರ ಸರಿಯಿದ್ದ ಜಾಗ ಈ ವಾರ ಹೇಗೆ ಕೆಟ್ಟಿತು ಎಂದು ಅಜ್ಜಿ. ಮುದುಕಿ ಎರಡು ದಿನ ಡಾಕ್ಟರನ್ನು ಬೈದಳು, ಮೂರನೆಯ ದಿನ ಶಾಲೆಯ ಅಡುಗೆಮನೆಯ ತಣ್ಣೀರನ್ನು, ನಾಲ್ಕನೆಯ ದಿನ ಮಗಳನ್ನೇ.

"ಹೇಳಿದ ಮಾತು ಕೇಳಿದ್ದರೆ ತಾನೇ ಇವಳು. ಶಾಲು ಹೊದ್ದುಕೋ ಅಂದರೆ ಇಲ್ಲ. ಹುಟ್ಟಿದಾಗ ಹೇಗಿದ್ದಳು ಗೊತ್ತಾ, ಕುಂಬಳಕಾಯಿ ಹಾಗೆ. ನಾನು ಸಾಕಿದ್ದು ಹಾಗಿತ್ತು. ಆಮೇಲೆ ಹಾಳಾಯಿತು, ನನ್ನ ಕೈ ಬಿಟ್ಟ ಮೇಲೆ."

ಯಾಸ್ನಾ ಆ ದಿನ ಒಗೆಯುವ ಯಂತ್ರದ ಮುಂದೆ ಹತ್ತು ಗಂಟೆ ನಿಂತು ಬಂದಿದ್ದಳು. ಬ್ರೆಡ್ಡು ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟಳು.

"ನಿನ್ನ ಕೈಲಿದ್ದಾಗಲೇ ಆದದ್ದು ಅಜ್ಜಿ. ಆ ನೀರು."

"ಯಾವ ನೀರು?"

"ಪಾಷಾಣದ ನೀರು. ಅರವತ್ತರಲ್ಲಿ ಹುಟ್ಟಿದೋರಿಗೆಲ್ಲ ಡಾಕ್ಟ್ರು ಅದನ್ನೇ ಕೇಳ್ತಾರೆ."

"ಹುಚ್ಚಿ. ಬೇರೆಯವರ ಮಕ್ಕಳಿಗೆ ಇರಬಹುದು. ನಾನು ಹಸಿ ನೀರು ಒಂದು ತೊಟ್ಟು ಕೊಟ್ಟವಳಲ್ಲ. ಬೀದೀಲಿ ಎರಡು ಕೂಸು ಭೇದಿಯಾಗಿ ಸತ್ತಿದ್ದವು. ನರ್ಸು ಹತ್ತು ನಿಮಿಷ ಕುದಿಸಿ ಅಂದಳು. ನಾನು ಒಂದು ಗಂಟೆ ಕುದಿಸ್ತಿದ್ದೆ. ದೊಡ್ಡ ಪಾತ್ರೆ ಅರ್ಧಕ್ಕಿಳಿಯೋ ತನಕ. ಆ ನೀರಲ್ಲೇ ಹಾಲಿನ ಪುಡಿ ಕಲಸಿ..."

"ಕುದಿಸಿದರೆ ಹುಳ ಸಾಯುತ್ತೆ, ಪಾಷಾಣ ಸಾಯುತ್ತಾ? ನೀರು ಆವಿಯಾಗಿ ಹೋಗುತ್ತೆ, ಅದು ತಳದಲ್ಲಿ ಉಳಿಯುತ್ತೆ."

ಇನ್ನು ಹೆಚ್ಚು ವಿವರಿಸಬೇಕಾಗಿರಲಿಲ್ಲ. ಅರವತ್ತು ವರ್ಷ ಒಲೆಯ ಮುಂದೆ ನಿಂತ ಹೆಂಗಸಿಗೆ ಸಾರು ಅರ್ಧಕ್ಕಿಳಿದರೆ ಉಪ್ಪು ಏನಾಗುತ್ತದೆಂದು ಯಾರೂ ಕಲಿಸಬೇಕಿಲ್ಲ. ಎರ್ಮಿನಿಯಾ ಎದ್ದು, ತನ್ನ ಲೋಟವನ್ನು ತೊಳೆಯುವ ತೊಟ್ಟಿಯಲ್ಲಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಹಾ ಲೋಟದ ತುಂಬ ಇತ್ತು.

ಅವಳು ಮರುಭೂಮಿಯ ಸುಣ್ಣಬಿಳುಪಿನ ಪೆಟ್ಲುಪ್ಪಿನ ಗಣಿಯೂರಿನಲ್ಲಿ, ಪೀಪಾಯಿಗೆ ಇಷ್ಟೆಂದು ಅಳೆದು ಕೊಡುವ ನೀರಿನಲ್ಲಿ ಬೆಳೆದವಳು. ಗಣಿ ಮುಚ್ಚಿ, ಗಂಡನ ಜೊತೆ ಗುಡ್ಡ ಇಳಿದು ಈ ಊರಿಗೆ ಬಂದಾಗ ಮನೆಯೊಳಗೇ ನಲ್ಲಿ ಕಂಡು, ಮೊದಲ ದಿನ ಅದನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದ್ದಳಂತೆ. ಈ ಕಥೆಯನ್ನು ಮನೆಯವರೆಲ್ಲ ನೂರು ಸಲ ಕೇಳಿದ್ದರು. ಆ ದಿನದ ಮೇಲೆ ಅವಳು ಅದನ್ನು ಹೇಳಲಿಲ್ಲ.

ಹೇಳಲಿಲ್ಲ, ಬೈಯಲಿಲ್ಲ, ಬೇಯಿಸಲೂ ಇಲ್ಲ. ಬೆಳಿಗ್ಗೆ ಬಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತರೆ ಕೂತಲ್ಲೇ. ನೊಲ್ಬೆರ್ತೊ ಬೇಕೆಂದೇ ಕೆಸರಿನ ಬೂಟು ಹಾಕಿಕೊಂಡು ಒಳಗೆಲ್ಲ ಓಡಾಡಿದ. ಮುದುಕಿ ಬಾಯಿ ಬಿಡಲಿಲ್ಲ. ಒಮ್ಮೆ ಮಾತ್ರ, ಗ್ಲಾಡಿಸ್ ವಿಕಿರಣ ಮುಗಿಸಿ ಬಂದು ಸುಸ್ತಾಗಿ ಮಲಗಿದ್ದಾಗ, ಯಾರನ್ನೂ ನೋಡದೆ ಕೇಳಿದಳು:

"ಒಸ್ವಾಲ್ದೊಗೆ ಕುದಿಸಿರಲಿಲ್ಲ ಅಲ್ವಾ?"

ಒಸ್ವಾಲ್ದೊ ಅವಳ ಎರಡನೆಯ ಮಗ, ಇಕಿಕೆಯಲ್ಲಿ ಟ್ರಕ್ಕು ಓಡಿಸುತ್ತಿದ್ದ. ಅವನು ಹುಟ್ಟುವಷ್ಟರಲ್ಲಿ ಕುದಿಸುವ ಪುರುಸೊತ್ತು ತೀರಿಹೋಗಿತ್ತು. ಅವನು ಗಟ್ಟಿಮುಟ್ಟಾಗಿದ್ದ.

ತಾಯಿ ಮಾತು ಬಿಟ್ಟ ಒಂಬತ್ತನೆಯ ದಿನ ಗ್ಲಾಡಿಸ್ ಗಂಡನನ್ನು ಮಲಗುವ ಕೋಣೆಗೆ ಕರೆದು ಬಾಗಿಲು ಮುಚ್ಚಿದಳು. ಮಧ್ಯಾಹ್ನದ ಹೊತ್ತು. ನಾಲ್ಕು ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದಳು.

"ಮುದುಕ, ಒಂದು ಪ್ಯಾಕು ಸಿಗರೇಟು ತಗೊಂಡು ಬಾ."

"ನಿನಗಾ?"

"ನಿನಗೆ."

"ನಾನು ಬಿಟ್ಟು ಹದಿಮೂರು ದಿನ ಆಯ್ತು. ಮೂವತ್ತನಾಲ್ಕು ವರ್ಷ ಬಿಡು ಬಿಡು ಅಂತ ಪ್ರಾಣ ತಿಂದೆ. ಈಗ..."

"ಈಗ ಹಿಡಿ. ಡಾಕ್ಟ್ರು ಮತ್ತೆ ಹೇಳಿದರು, ನೀರಲ್ಲ, ಹೊಗೆ ಅಂತ. ಅಮ್ಮನಿಗೆ ಹಾಗೆ ಹೇಳ್ತೀನಿ."

ನೊಲ್ಬೆರ್ತೊ ಮಂಚದ ತುದಿಯಲ್ಲಿ ಕೂತ. "ಡಾಕ್ಟ್ರು ಹಾಗೆ ಹೇಳಿದರಾ?"

"ಇಲ್ಲ."

"ಸುಳ್ಳು ಹಾಗಾದರೆ."

"ಅರ್ಧ ಸುಳ್ಳು."

"ಯಾವ ಅರ್ಧ?"

ಗ್ಲಾಡಿಸ್ ದಿಂಬು ಸರಿಮಾಡಿಕೊಂಡಳು. ಅವನು ತನ್ನ ಸಿಮೆಂಟು ತಿಂದ ಬೆರಳುಗಳನ್ನು ನೋಡಿಕೊಂಡು, "ಯಾವ ಬ್ರಾಂಡು?" ಎಂದ.

"ನೀನು ಸೇದ್ತಿದ್ದದ್ದೇ. ಅವಳಿಗೆ ವಾಸನೆ ಗೊತ್ತಾಗುತ್ತೆ."

ಸಂಜೆ ಒನ್ಸೆಗೆ ನಾಲ್ವರೂ ಕೂತಾಗ ಗ್ಲಾಡಿಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ನಾಳೆ ತರಕಾರಿ ಏನು ತರಬೇಕೆಂದು ಹೇಳುವ ದನಿಯಲ್ಲಿ ಹೇಳಿದಳು: "ಡಾಕ್ಟ್ರು ಪರೀಕ್ಷೆ ಮಾಡಿಸಿದರು. ನೀರಿಂದ ಬಂದದ್ದಾದರೆ ಹೊರ ಅಂಚಲ್ಲಿ ಇರುತ್ತಂತೆ. ಕವಲಲ್ಲಿ ಕೂರೋದು ಹೊಗೆಯದು. ಹೊಗೆ ಮೊದಲು ತಾಗೋದು ಅಲ್ಲಿಗೇ ತಾನೇ."

ಯಾಸ್ನಾ ತಾಯಿಯ ಮುಖ ನೋಡಿದಳು. ಡಾಕ್ಟರು ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಮೇಜಿನ ಕೆಳಗೆ ತಾಯಿಯ ಕಾಲು ಅವಳ ಕಾಲನ್ನು ಜೋರಾಗಿ ತುಳಿಯಿತು.

"ಹೌದು," ಎಂದಳು ಯಾಸ್ನಾ. "ನಾನೇ ತಪ್ಪು ಓದಿದ್ದೆ ಅಜ್ಜಿ. ಇಂಟರ್ನೆಟ್ಟಲ್ಲಿ."

ಎರ್ಮಿನಿಯಾ ಅಳಿಯನ ಕಡೆ ತಿರುಗಿದಳು. ನೊಲ್ಬೆರ್ತೊ ಜೇಬಿಂದ ಹೊಸ ಪ್ಯಾಕು ತೆಗೆದು ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕಕ್ಕೆ, ಇಟ್ಟ.

"ಹೌದು ಅತ್ತೆ," ಎಂದ. "ನನ್ನದೇ."

ಮುದುಕಿ ಆ ಪ್ಯಾಕನ್ನೇ ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡು ಒಂದು ತುಂಡು ಬ್ರೆಡ್ಡು ಮುರಿದಳು. ಒಂಬತ್ತು ದಿನದಲ್ಲಿ ಅವಳು ತಾನಾಗಿ ತಿಂದ ಮೊದಲ ತುತ್ತು ಅದು. ಎರಡನೆಯ ತುತ್ತಿಗೆ ಬೈಗುಳ ಶುರುವಾಯಿತು.

ಮರುದಿನದಿಂದ ಮನೆ ಮತ್ತೆ ಮೊದಲಿನಂತಾಯಿತು, ಅಂದರೆ ಸದ್ದಾಯಿತು. ಎರ್ಮಿನಿಯಾ ಬೆಳಿಗ್ಗೆ ಆರಕ್ಕೆದ್ದು ಬೀನ್ಸು ನೆನೆಹಾಕಿ, ಕುಂಬಳಕಾಯಿ ಹೆಚ್ಚಿ, ಅಳಿಯನ ವಂಶವನ್ನು ಚಿಯಾನ್ ಊರಿನ ಮೂಲದಿಂದ ಹಿಡಿದು ಜಾಲಾಡುತ್ತಿದ್ದಳು. ಅವನ ತಟ್ಟೆಗೆ ಮಾತ್ರ ಬಡಿಸುತ್ತಿರಲಿಲ್ಲ. ಪಾತ್ರೆಯಲ್ಲಿ ಇದೆ, ಕೈ ಇಲ್ವಾ ಎನ್ನುತ್ತಿದ್ದಳು. ಅವನು ತಾನೇ ಬಡಿಸಿಕೊಂಡು, "ಸಾರು ಚೆನ್ನಾಗಿದೆ ಅತ್ತೆ," ಎನ್ನುತ್ತಿದ್ದ.

"ನನ್ನ ಮಗಳ ಎದೆಗೆ ಮಸಿ ಹಿಡಿಸಿದೋನಿಗೆ ನಾಲಿಗೆ ಬೇರೆ ಕೇಡು."

"ಉಪ್ಪು ಸ್ವಲ್ಪ ಕಡಿಮೆ."

ಗ್ಲಾಡಿಸ್ ಇದನ್ನೆಲ್ಲ ತನ್ನ ಕೋಣೆಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಜೂನಿನಲ್ಲಿ ಮೇಜಿಗೆ ಬಂದು ಕೂರುತ್ತಿದ್ದಳು; ಜುಲೈಯಲ್ಲಿ ಮೂರು ದಿಂಬಿಗೊರಗಿ ಕೂತೇ ಮಲಗುತ್ತಿದ್ದಳು. ಬೀನ್ಸು ಹೋಗಿ ಸಾರು, ಸಾರು ಹೋಗಿ ಚಮಚದಲ್ಲಿ ಚಹಾ. ವಿಕಿರಣದಿಂದ ಬಾಗಿಲು ಒಂದು ಬಿರುಕಿನಷ್ಟು ತೆರೆದಿತ್ತು ಎಂದು ಡಾಕ್ಟರು ತೋರಿಸಿದ್ದಳು. ಆರು ವಾರದಲ್ಲಿ ಅದು ಮತ್ತೆ ಮುಚ್ಚಿತು. ಇದಕ್ಕಿಂತ ದೊಡ್ಡ ಗೆಡ್ಡೆ ಹೊತ್ತವರು ಆಸ್ಪತ್ರೆಯ ಬೆಂಚಿನಿಂದೆದ್ದು ಮನೆಗೆ ಹೋಗುತ್ತಿದ್ದರು. ಕೆಳಗಡೆ ಎಡಕ್ಕೆ ಎಂದಿದ್ದ ಟೊಕೊಪಿಯಾದ ಹೆಂಗಸಿಗೂ ಕತ್ತರಿಸಿ ತೆಗೆದರು. ಅವಳೊಮ್ಮೆ ಗ್ಲಾಡಿಸಳನ್ನು ನೋಡಲು ಬಂದು, ಒಂದು ಡಬ್ಬಿ ಬಿಸ್ಕತ್ತು ಕೊಟ್ಟು ಹೋದಳು. ಕೊಡುವಾಗ ಅವಳ ಮುಖದಲ್ಲೂ ಕನಿಕರವಿತ್ತು.

"ಅವಳಿಗೆ ಅರ್ಧ ಬ್ರೆಡ್ಡು ಕೊಟ್ಟಿದ್ದೆ," ಎಂದಳು ಗ್ಲಾಡಿಸ್, ಅವಳು ಹೋದ ಮೇಲೆ. "ಇಡೀದು ತಿಂದಿರಬೇಕಿತ್ತು ನಾನು."

ಒಂದು ಮಧ್ಯಾಹ್ನ ಯಾಸ್ನಾ ತಾಯಿಯ ಬೆನ್ನೊರೆಸುತ್ತ, "ಅಮ್ಮ, ಅಪ್ಪನ್ನ ಅಜ್ಜಿ ಹುರಿದು ಮುಕ್ಕುತ್ತಿದಾಳೆ. ನಿಜ ಹೇಳಿಬಿಡ್ಲಾ?" ಎಂದಳು.

"ನಿಜ ಹೇಳಿದ್ದೆಯಲ್ಲ ಒಂದು ಸಲ. ಸಾಕು."

ಯಾಸ್ನಾ ಬಟ್ಟೆ ಹಿಂಡಿದಳು.

ಆಗಸ್ಟಿನ ಎರಡನೆಯ ಮಂಗಳವಾರ, ಸಂಜೆ ನಾಲ್ಕರ ಹೊತ್ತಿಗೆ, ಪಕ್ಕದ ಮನೆಯ ರೇಡಿಯೊದಲ್ಲಿ ಫುಟ್‌ಬಾಲ್ ವಿವರಣೆ ನಡೆಯುತ್ತಿದ್ದಾಗ ಗ್ಲಾಡಿಸ್ ತೀರಿಕೊಂಡಳು. ಹಬ್ಬಕ್ಕೆ ಇನ್ನೂ ಐದು ವಾರ ಇತ್ತು.

ಶವವನ್ನು ಮುಂದಿನ ಕೋಣೆಯಲ್ಲಿಟ್ಟಿದ್ದ ಎರಡು ದಿನ ಬೀದಿಯವರೆಲ್ಲ ಬಂದರು. ಎರ್ಮಿನಿಯಾ ಶವಪೆಟ್ಟಿಗೆಯ ತಲೆಯ ಬಳಿ ಕೂತು ಬಂದವರಿಗೆಲ್ಲ ಹೇಳಿದಳು: "ಹೊಗೆ. ಗಂಡನ ಹೊಗೆ. ಕವಲಲ್ಲಿ ಕೂತದ್ದು ಹೊಗೆಯದೇ ಅಂತ ಡಾಕ್ಟ್ರೇ ಹೇಳಿದರು." ಸಮಾಧಾನ ಹೇಳಲು ಬಂದ ಗಂಡಸರಲ್ಲಿ ಅರ್ಧಕ್ಕರ್ಧ ಜನ ಅಂಗಿಯ ಜೇಬು ಮುಚ್ಚಿಕೊಂಡರು. ದೋನ್ ರುಪೆರ್ತೊ, ಆರು ಸೆಂಟಿಮೀಟರಿನ ಯಜಮಾನ, ಆ ಎರಡು ದಿನವೂ ಅಂಗಿ ಎತ್ತಲಿಲ್ಲ. ಗೋಡೆಗೊರಗಿ ತನ್ನ ಬೂಟನ್ನೇ ನೋಡುತ್ತ ನಿಂತಿದ್ದ. ನೊಲ್ಬೆರ್ತೊ ತಟ್ಟೆಯಲ್ಲಿ ಕಾಫಿ ಲೋಟ ಹಿಡಿದು, ತನ್ನನ್ನು ಬೈಯುವುದನ್ನು ಕೇಳುತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೆ ಕೊಡುತ್ತ ಬಂದ. ಅತ್ತೆಗೂ ಕೊಟ್ಟ. ಅವಳು ಮುಖ ನೋಡದೆ ತೆಗೆದುಕೊಂಡಳು.

ಹಬ್ಬ ಬಂತು, ಹೋಯಿತು. ಎಂಪನಾದ ಅಂಗಡಿಯಿಂದ ಬಂತು. ಯಾರಿಗೂ ಸೇರಲಿಲ್ಲ.

ಮನೆಯಲ್ಲಿ ಮೂವರು ಉಳಿದರು. ಆರಕ್ಕೆ ಒನ್ಸೆ, ಆರೂವರೆಗೆ ಎರ್ಮಿನಿಯಾಳ ಆಜ್ಞೆ: "ಹೊರಗೆ ಹೋಗಿ ಸೇದು. ಒಳಗೆ ಸೇದಿ ಇವಳನ್ನೂ ತಿನ್ನಬೇಡ." ನೊಲ್ಬೆರ್ತೊ ಎದ್ದು, ಪ್ಯಾಕು ತೆಗೆದುಕೊಂಡು, ಹೊರಗಿನ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಒಂದು ಸಂಜೆ ಯಾಸ್ನಾ ಕಸ ಎಸೆಯುವ ನೆಪದಲ್ಲಿ ಹಿಂದೆಯೇ ಬಂದಳು. ಅವನು ಸಮುದ್ರದ ಕಡೆ ಮುಖ ಮಾಡಿ, ಕೈ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಪ್ಯಾಕು ಗೋಡೆಯ ಮೇಲಿತ್ತು. ಒಂದೂ ಕಡಿಮೆಯಾಗಿರಲಿಲ್ಲ.

"ಸೇದ್ತಿಲ್ವಾ?"

"ಆವತ್ತು ಆಸ್ಪತ್ರೆ ಮುಂದೆ ಬಿಟ್ಟೋನು ಮತ್ತೆ ಹಿಡಿಯೋಕೆ ಆಗಲಿಲ್ಲ. ಬಾಯಿಗಿಟ್ಟರೆ ಆ ಹುಡುಗಿ ಡಾಕ್ಟ್ರು ಇಟ್ಟ ಚುಕ್ಕೆ ಕಾಣುತ್ತೆ."

"ಮತ್ತೆ ಯಾಕೆ ಇದು? ಅಮ್ಮನೂ ಇಲ್ಲ ಈಗ. ಅಜ್ಜಿಗೆ ಹೇಳಿಬಿಡೋಣ ಅಪ್ಪ. ಇಬ್ಬರದೂ ಅರ್ಧರ್ಧ ಅಂತ."

"ಅರ್ಧ ಹೊತ್ತುಕೊಳ್ಳೋ ವಯಸ್ಸಾ ಅವಳದು? ಹೋಗು, ಚಳಿ ಇದೆ."

ಅವಳು ಹೋದ ಮೇಲೂ ಒಂದು ಸಿಗರೇಟು ಮುಗಿಯುವಷ್ಟು ಹೊತ್ತು ಅವನು ಅಲ್ಲೇ ನಿಂತ. ಆಮೇಲೆ ಒಳಗೆ ಬಂದ. ಎರ್ಮಿನಿಯಾ ಮೇಜು ಒರೆಸುತ್ತಿದ್ದಳು. ಅವನು ಪಕ್ಕದಲ್ಲಿ ಹಾದುಹೋಗುವಾಗ ಒರೆಸುವ ಕೈ ನಿಂತಿತು. ಅವಳು ಮೂಗರಳಿಸಿದಳು.

"ನಿನ್ನ ಮೈಮೇಲೆ ವಾಸನೆ ಬರ್ತಿಲ್ಲ, ನೊಲ್ಬೆರ್ತೊ."

"ಹೊರಗೆ ಗಾಳಿ ಜಾಸ್ತಿ, ಅತ್ತೆ."

"ನಿನ್ನೆಯೂ ಬಂದಿರಲಿಲ್ಲ. ಮೊನ್ನೆಯೂ."

ಯಾಸ್ನಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಮುದುಕಿ ಒರೆಸುವ ಬಟ್ಟೆಯನ್ನು ಎರಡಾಗಿ, ನಾಲ್ಕಾಗಿ ಮಡಚಿದಳು. ತಲೆ ಎತ್ತಿ ಅಳಿಯನನ್ನು ನೋಡಿದಳು. ಬೈಯುವ ಕಣ್ಣಲ್ಲ, ಕೇಳಿಕೊಳ್ಳುವ ಕಣ್ಣು.

"ನಾಳೆಯಿಂದ ಸರಿಯಾಗಿ ಸೇದು," ಎಂದಳು.